ಗಾಜಿನ ಮನೆಯ ಕೂಡುಕುಟುಂಬ

ಹೆಣ್ಣು ನೋಡಲು ಬಂದವರು ಬಣ್ಣ ನೋಡುತ್ತಾರೆ, ಎತ್ತರ ನೋಡುತ್ತಾರೆ, ಜಾತಕ ತರಿಸಿ ಗುಣಗಳನ್ನು ಎಣಿಸುತ್ತಾರೆ. ಈ ಹುಡುಗಿ ಆ ಮನೆಯ ಹತ್ತು ಜನರ ನಡುವೆ ಹೇಗೆ ಬಾಳಿಯಾಳು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮನೆಗೆ ಬಣ್ಣದ ಮೀನು ತರುವಾಗಲೂ ನಾವು ಮಾಡುವುದು ಇದನ್ನೇ.

ಮಂಡ್ಯದಲ್ಲಾಗಲಿ, ಮದ್ದೂರು ಮಳವಳ್ಳಿಗಳಲ್ಲಾಗಲಿ, ಹಜಾರದಲ್ಲಿ ಮೀನಿನ ತೊಟ್ಟಿ ಇಟ್ಟ ಮನೆಗಳನ್ನು ಎಷ್ಟೋ ಕಂಡಿದ್ದೇನೆ. ಮಕ್ಕಳು ಹಟ ಹಿಡಿಯುತ್ತಾರೆ, ಯಜಮಾನರು ಕೊಂಡು ತರುತ್ತಾರೆ, ನೀರು ಬದಲಿಸುವ ಕೆಲಸ ಮಾತ್ರ ಮನೆಯಾಕೆಯ ಪಾಲಿಗೆ. ಹಾಗಿರುವಾಗ ಯಾವ ಮೀನು ಬರಬೇಕು, ಯಾವುದು ಬೇಡ ಎಂದು ಹೇಳುವ ಹಕ್ಕೂ ಅವಳದೇ ಆಗಬೇಕೆಂಬುದು ನನ್ನ ವಾದ.

ನಮ್ಮ ಬೀದಿಯ ಗೆಳತಿಯೊಬ್ಬಳು ಒಂದು ದಿನ, "ಬನ್ನಿ ಅಕ್ಕಾ, ಬಣ್ಣಕ್ಕೊಂದರ ಹಾಗೆ ತಂದಿದೀವಿ" ಎಂದು ಕರೆದಳು. ಎರಡಡಿ ಉದ್ದದ ತೊಟ್ಟಿ. ಅದರೊಳಗೆ ಎರಡು ಗೋಲ್ಡ್‌ಫಿಷ್, ಒಂದು ಏಂಜೆಲ್, ಮೂರು ಟೈಗರ್ ಬಾರ್ಬ್, ಒಂದು ಜೊತೆ ಗಪ್ಪಿ, ಗಾಜು ತಿಕ್ಕುವುದಕ್ಕೆಂದು ಒಂದು ಸಕ್ಕರ್. ವಾರ ಕಳೆಯುವುದರೊಳಗೆ ಗಪ್ಪಿಯ ಬಾಲದ ಸೆರಗು ಚಿಂದಿಯಾಗಿತ್ತು, ಏಂಜೆಲ್ ಮೂಲೆ ಬಿಟ್ಟು ಬರುತ್ತಿರಲಿಲ್ಲ, ನೀರು ಅಕ್ಕಿ ತೊಳೆದ ಹಾಗೆ ಮಬ್ಬಾಗಿತ್ತು. "ನಮ್ಮ ಮನೆಗೆ ಮೀನು ಆಗಿಬರೋಲ್ಲ ಅನ್ಸುತ್ತೆ ಕಣಕ್ಕ" ಎಂದಳು ಪಾಪ. ಆಗಿಬರದೇ ಇದ್ದದ್ದು ಮನೆಯಲ್ಲ, ಆ ಮೀನುಗಳ ಸಹವಾಸ.

ಒಂದೊಂದರ ಸ್ವಭಾವವೂ ಬೇರೆ. ಟೈಗರ್ ಬಾರ್ಬ್ ಗುಂಪಿನ ಮೀನು. ಎಂಟು ಹತ್ತಿದ್ದರೆ ತಮ್ಮತಮ್ಮಲ್ಲೇ ಆಡಿಕೊಂಡಿರುತ್ತವೆ; ಎರಡು ಮೂರೇ ಇದ್ದರೆ ಕಂಡವರ ಬಾಲ ಕಚ್ಚುತ್ತವೆ. ಏಂಜೆಲ್ ಮರಿಯಾಗಿದ್ದಾಗ ಮುದ್ದು, ಅಂಗೈಯಗಲ ಬೆಳೆದ ಮೇಲೆ ಬಾಯಿಗೆ ಹಿಡಿಸುವ ಸಣ್ಣ ಮೀನುಗಳನ್ನು ನುಂಗಿಬಿಡುತ್ತದೆ. ಗೋಲ್ಡ್‌ಫಿಷ್ ತಂಪು ನೀರಿನ ಜೀವಿ. ಗೇಣುದ್ದ ಬೆಳೆಯುತ್ತದೆ, ನೀರನ್ನು ಬಹಳ ಕೊಳೆ ಮಾಡುತ್ತದೆ. ಸಕ್ಕರ್ ಒಂದಡಿಗೂ ಮೀರಿ ಬೆಳೆದು, ತಿಕ್ಕುವುದಕ್ಕಿಂತ ಗಲೀಜು ಮಾಡುವುದೇ ಹೆಚ್ಚು. ಫೈಟರ್ ಎಂಬ ಥಾಯ್ಲೆಂಡಿನ ಸುಂದರನಂತೂ ಇನ್ನೊಬ್ಬ ಗಂಡನ್ನು ಕಂಡರೆ ಸಾಯುವವರೆಗೂ ಕಾದಾಡುತ್ತಾನೆ. ಅಂಗಡಿಯಲ್ಲಿ ನಾವು ನೋಡುವುದು ಮರಿಗಳನ್ನು. "ಇದು ಎಷ್ಟು ದೊಡ್ಡದಾಗುತ್ತೆ? ಬೇರೆಯವುಗಳ ಜೊತೆ ಹೊಂದಿಕೊಳ್ಳುತ್ತಾ?" ಎಂಬ ಎರಡು ಪ್ರಶ್ನೆ ಕೇಳಿದರೆ ಅರ್ಧ ಕಷ್ಟ ಕಳೆಯಿತು.

ಇನ್ನರ್ಧ ನಮ್ಮ ನಲ್ಲಿಯಲ್ಲಿದೆ. ನಿಮ್ಮ ಮನೆಯ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆಯೆ? ಬೇಳೆ ಬೇಗ ಬೇಯುವುದಿಲ್ಲವೆ? ಹಾಗಿದ್ದರೆ ಅದು ಗಡಸು ನೀರು. ನಮ್ಮ ಕಡೆ ಬಹಳಷ್ಟು ಬೋರ್‌ವೆಲ್‌ಗಳ ನೀರು ಹೀಗೆಯೇ. ಕೆಂಪು ನೀಲಿ ಗೆರೆಯ ನಿಯಾನ್ ಟೆಟ್ರಾ ಅಮೆಜಾನಿನ ಮೆದು ನೀರಿನಿಂದ ಬಂದದ್ದು. ಗಡಸು ನೀರಿನಲ್ಲಿ ಅದು ಸುಖವಾಗಿರದು. ಅದೇ ಗಪ್ಪಿ, ಪ್ಲಾಟಿ, ಮೋಲಿಗಳಿಗೆ ಗಡಸು ನೀರೇ ಹಿತ. ಕಾವೇರಿ ನೀರು ಬರುವ ಮನೆಯಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಅಥವಾ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಕಳೆಯುವ ಹನಿ ಹಾಕಿ ಬಳಸಬೇಕು.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವುದೆಂದರೆ ಹೆಪ್ಪು ಹಾಕಿದ ತಕ್ಷಣ ಮೊಸರು ಕೇಳಿದ ಹಾಗೆ. ಮೀನಿನ ಕೊಳೆಯಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರ ಹಿಡಿಯುತ್ತದೆ. ಗೆಳತಿಯ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯಿದ್ದರೆ ಅದರ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹಾಕಿ; ಅದೇ ಹೆಪ್ಪು. ಆಮೇಲೂ ಮೂರು ನಾಲ್ಕು ಮೀನಿನಿಂದ ಶುರು ಮಾಡಿ ನಿಧಾನವಾಗಿ ಸಂಸಾರ ಬೆಳೆಸಬೇಕು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಆರು ಜೀಬ್ರಾ ಮೀನು, ನಾಲ್ಕು ಪ್ಲಾಟಿ, ಅಷ್ಟೆ. ಜೀಬ್ರಾ ನಮ್ಮ ದೇಶದ್ದೇ ಮೀನು; ತೊರೆಗಳಲ್ಲಿ, ಭತ್ತದ ಗದ್ದೆಯ ನೀರಿನಲ್ಲಿ ಬದುಕುವಂಥದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತ 1822ರ ತನ್ನ ಪುಸ್ತಕದಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದ. ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದಕ್ಕೆ ಮರ್ಯಾದೆ. ನಮ್ಮ ಹವೆಗೆ ಹೀಟರ್ ಕೂಡ ಕೇಳುವುದಿಲ್ಲ. ದಿನಕ್ಕೊಮ್ಮೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ತೆಗೆದ ನೀರು ಗುಲಾಬಿ ಗಿಡಕ್ಕೆ ಒಳ್ಳೆಯ ಗೊಬ್ಬರ.

ಪ್ಲಾಟಿ, ಗಪ್ಪಿಗಳು ಮೊಟ್ಟೆಯಿಡುವುದಿಲ್ಲ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತವೆ. ಹೆಣ್ಣೊಂದಕ್ಕೆ ಗಂಡು ಎರಡಾದರೆ ಅವು ಅವಳನ್ನು ಅಟ್ಟಿ ಅಟ್ಟಿ ದಣಿಸುತ್ತವೆ. ಸಾಕುವುದಾದರೆ ಒಂದು ಗಂಡಿಗೆ ಮೂರು ಹೆಣ್ಣು, ಇಲ್ಲವೇ ಬರೀ ಗಂಡುಗಳನ್ನೇ ತನ್ನಿ. ಆಗ ಬಾಣಂತನವೂ ತಪ್ಪುತ್ತದೆ.

ಹೆಚ್ಚಾದ ಮರಿಗಳನ್ನು, ದೊಡ್ಡದಾದ ಸಕ್ಕರನ್ನು ಏನು ಮಾಡುವುದು? "ಕೆರೆಗೆ ಬಿಟ್ಟರೆ ಪುಣ್ಯ" ಎಂದು ನಾಲೆಗೋ ಶಿಂಷಾ ಹೊಳೆಗೋ ಸುರಿಯುವವರಿದ್ದಾರೆ. ಅದು ಪುಣ್ಯವಲ್ಲ. ಹೀಗೆ ಬಿಟ್ಟ ಸಕ್ಕರ್ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಹಬ್ಬಿದೆ. ಅದರ ಮುಳ್ಳುಮೈಗೆ ಸಿಕ್ಕಿ ಮೀನುಗಾರರ ಬಲೆ ಹರಿಯುತ್ತದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಬಳಿ ಕಾವೇರಿಯಲ್ಲಿ ಗೂನುಬೆನ್ನಿನ ಮಹಸೀರ್ ಎಂಬ ಭಾರಿ ಮೀನಿತ್ತು. ಒಳ್ಳೆಯದಾಗಲೆಂದೇ ಬೇರೆಡೆ ಬೆಳೆಸಿ ತಂದು ಬಿಟ್ಟ ಇನ್ನೊಂದು ಜಾತಿಯ ಮಹಸೀರ್ ಅದರ ಜಾಗ ಹಿಡಿದದ್ದು ಅದು ಕ್ಷೀಣಿಸಿದ್ದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. 2018ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಹಾಗಾಗಿ ಬೇಡವಾದ ಮೀನನ್ನು ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ.

ಕೂಡುಕುಟುಂಬದಲ್ಲಿ ಮನಸ್ಸಿಗೆ ನೋವಾದಾಗ ಹೆಣ್ಣಿಗೆ ನಾಲ್ಕು ದಿನ ತವರಿಗೆ ಹೋಗಿಬರುವ ದಾರಿಯಾದರೂ ಉಂಟು. ಗಾಜಿನೊಳಗಿನ ಮೀನಿಗೆ ತವರಿಲ್ಲ. ಕಚ್ಚುವವನಿಂದ ಓಡಿದರೂ ಎರಡಡಿಗೆ ಗೋಡೆ. ಅದು ಯಾರ ಜೊತೆ ಬಾಳಬೇಕೆಂದು ತೀರ್ಮಾನಿಸುವವರು ನಾವು. ದುಡ್ಡು ಕೊಡುವ ಮೊದಲು ಅಷ್ಟು ಯೋಚಿಸುವುದು ದೊಡ್ಡ ಶ್ರಮವೇನಲ್ಲ.