ಹಳೇ ಕಾರಿನ ಲೆಕ್ಕದ ಪುಸ್ತಕ



ಬ್ಯಾಡಗಿ ಕಡೆಯ ನಮ್ಮ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ರಾಣೇಬೆನ್ನೂರಾಗ ಒಂದು ಸೆಕೆಂಡ್ ಹ್ಯಾಂಡ್ ಕಾರು ಐತಿ, ತೊಂಬತ್ತು ಸಾವಿರ ಅಂತಾರ. ಸಂಘಟನೆ ಕೆಲಸಕ್ಕ ತಗೊಳ್ಳಲೇನು?" ಇದನ್ನ ಕೇಳೋರು ಬಾಳ ಮಂದಿ ಇದಾರ, ಅದಕ್ಕ ಎಲ್ಲರಿಗೂ ಸೇರಿಸಿ ಬರೀತೀನಿ. ನಾನು ಗುಮಾಸ್ತ, ಲೆಕ್ಕ ಬರೆಯೋದು ಚಟ. 2008ರ ನನ್ನ ಎಂಟುನೂರು ಸಿಸಿ ಕಾರನ್ನ 2019ರಾಗ ತಗೊಂಡ ದಿನದಿಂದ ಪ್ರತಿ ರೂಪಾಯಿನೂ ಒಂದು ನೋಟ್‌ಬುಕ್ಕಿನಾಗ ಐತಿ.

ಮೊದಲು ತಿಳ್ಕೊಳ್ಳಿ, ತೊಂಬತ್ತು ಸಾವಿರ ಅನ್ನೋದು ಕಾರಿನ ಬೆಲೆ ಅಲ್ಲ, ಮುಂಗಡ. ಹೋದ ವರ್ಷದ ನನ್ನ ಪುಟ ಹೇಳ್ತೀನಿ. ಕ್ಲಚ್ 5,800. ರೇಡಿಯೇಟರ್, ಅದರ ಪೈಪು 3,900. ಮುಂದಿನ ಗಾಲಿಯ ಬುಶ್ ಕೆಲಸ 2,650. ಬ್ಯಾಟರಿ 3,600. ಎರಡು ಟೈರು 5,400. ಒಟ್ಟು 21,350. ಓಡಿದ್ದು 6,100 ಕಿ.ಮೀ. ಅಂದ್ರ ಕಿ.ಮೀ.ಗೆ ಮೂರೂವರೆ ರೂಪಾಯಿ ರಿಪೇರಿಗೇ ಹೋತು. ಮ್ಯಾಲೆ ಪೆಟ್ರೋಲು ಸುಮಾರು ಏಳು ರೂಪಾಯಿ. ಇನ್ಶೂರೆನ್ಸ್, ಹೊಗೆ ತಪಾಸಣೆ ಎಲ್ಲಾ ಹಿಡಿದ್ರ ಹನ್ನೊಂದರ ಹತ್ತಿರ ಬರ್ತೈತಿ.

ರೇಡಿಯೇಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಬೋರಿನ ನೀರು ಗಡಸು. ಗಾಡಿ ಕಾಯ್ತು ಅಂತ ಹಳ್ಳಿಯಾಗ ಯಾರೋ ಪ್ರೀತಿಯಿಂದ ಕೊಡ ತುಂಬಿ ತಂದು ಸುರೀತಾರ. ಆ ನೀರಿನ ಸುಣ್ಣ ಒಳಗ ಕಟ್ಟಿ, ಸಣ್ಣ ಸಣ್ಣ ನಳಿಗೆ ಮುಚ್ಚಿಕೊಳ್ತಾವ. ಕೂಲಂಟ್ ಒಂದು ಡಬ್ಬಿ ಡಿಕ್ಕಿಯಾಗ ಇಟ್ಕೊಳ್ಳಿ. ಕಾದ ಗಾಡಿಯ ಮುಚ್ಚಳ ಮಾತ್ರ ಬಿಚ್ಚಬ್ಯಾಡ್ರಿ, ಮುಖ ಸುಡ್ತದ. ಆಯಿಲ್ ಕಡ್ಡಿ ಎಳೆದಾಗ ಎಣ್ಣಿ ಹಾಲು ಹಾಕಿದ ಚಾದಂಗೆ ಕಂಡ್ರ ಹೆಡ್ ಗ್ಯಾಸ್ಕೆಟ್ ಹೋಗೇತಿ ಅಂತ ಅನುಮಾನ ಪಡ್ರಿ. ಅಂಥ ಕಾರು ಎಷ್ಟು ಸೋವಿ ಕೊಟ್ರೂ ಬ್ಯಾಡ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗೇತಿ ಅಂತ ಮಾರೋರು ಹೇಳದಿದ್ರ, ಬದಲಾಗಿಲ್ಲ ಅಂತನೇ ಹಿಡಿದು ರೇಟು ಮಾತಾಡ್ರಿ. ಟೈರಿನ ಹಲ್ಲು ನೋಡಿ ಮರುಳಾಗಬ್ಯಾಡ್ರಿ, ಪಕ್ಕದಾಗ ಬರೆದ ನಾಲ್ಕು ಅಂಕಿ ನೋಡ್ರಿ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ.

ಇನ್ನು ಕಾಗದ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕ ಮುಗೀತದ, ಆಮೇಲೆ ಐದೈದು ವರ್ಷಕ್ಕ ನವೀಕರಣ. ಮೊದಲು ಅದಕ್ಕ 600 ರೂಪಾಯಿ ಇತ್ತು, 2022ರ ಏಪ್ರಿಲ್‌ದಿಂದ 5,000 ಮಾಡ್ಯಾರ. ನನ್ನದು 2023ರಾಗ ಆತು. 2025ರ ಆಗಸ್ಟಿನಾಗ ಇನ್ನೊಂದು ನಿಯಮ ಬಂತು, 20 ವರ್ಷ ದಾಟಿದ ಕಾರಿಗೆ 10,000. ನನ್ನ ಗಾಡಿಗೆ 2028ಕ್ಕ ಇಪ್ಪತ್ತು ತುಂಬತಾವ. ಹೊಸ ಕಾರು ಕೊಳ್ಳೋ ತಾಕತ್ತು ಇಲ್ಲದವರೇ ಹಳೇದು ಓಡಿಸೋದು, ದಂಡ ಅವರಿಗೇ. ಪೆಟ್ರೋಲಿನ ಕಥಿನೂ ಅಷ್ಟೇ. ಈಗ ಬಂಕಿನಾಗ ಸಿಗೋದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದು. ಹಳೇ ಗಾಡಿಗಳಾಗ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು ಅಂತ ಸರ್ಕಾರನೇ ಒಪ್ಪೇತಿ. ಬದಲಿಸೋ ಖರ್ಚು ಯಾರದು ಅಂತ ಹೇಳಿಲ್ಲ.

ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ 2,094, ಜಿಎಸ್‌ಟಿ ಸೇರಿ 2,471. ಬಾಳ ಮಂದಿ ಅಷ್ಟಕ್ಕೇ ನಿಲ್ಲಸ್ತಾರ. 2024ರ ಮಾರ್ಚ್ 11 ನೆನಪೈತಲ್ಲ? ಮೆಣಸಿನಕಾಯಿ ರೇಟು ಬಿದ್ದು ಬ್ಯಾಡಗಿ ಎಪಿಎಂಸಿಯಾಗ ರೈತರ ಸಿಟ್ಟು ಸ್ಫೋಟ ಆಗಿ, ಕಚೇರಿಗೆ ಬೆಂಕಿ ಬಿತ್ತು, ವಾಹನ ಸುಟ್ಟವು. ಅಂಥಲ್ಲಿ ನಿಮ್ಮ ಗಾಡಿ ಇದ್ರ ಥರ್ಡ್ ಪಾರ್ಟಿಯವರು ಬಿಡಿಗಾಸು ಕೊಡಂಗಿಲ್ಲ. ಚಳವಳಿ ಮಂದಿಯ ಗಾಡಿ ಎಲ್ಲೆಲ್ಲೋ ನಿಲ್ತಾವ, ಯೋಚನೆ ಮಾಡ್ರಿ. ನನ್ನದರ ನಾಲ್ಕೂ ಗಾಲಿಯ ಗಾಳಿ ಒಂದೂರಾಗ ಯಾರೋ ಬಿಟ್ಟಿದ್ರು, ನಾವು ಒಳಗ ಒಬ್ಬಾಕಿ ಹೇಳಿಕೆ ಬರ್ಕೊಂತಿದ್ವಿ. ಅವತ್ತಿಂದ ಕಾಲು ಪಂಪು ಸೀಟಿನ ಕೆಳಗೇ ಇರ್ತೈತಿ.

"ಇಷ್ಟೆಲ್ಲಾ ಯಾಕ, ಬಾಡಿಗಿ ಕಾರು ಮಾಡ್ಕೊಂಡ್ರ ಆತಲ್ಲ?" ಅಂತ ನನ್ನ ಹೆಂಡತಿನೂ ಕೇಳ್ತಾಳ. ಲೆಕ್ಕದಾಗ ಅಕಿ ಮಾತು ತಪ್ಪಲ್ಲ. ಆದ್ರ ಊರಾಗ ಬಾಡಿಗಿ ಗಾಡಿ ಯಾರದು? ಯಾರ ಮ್ಯಾಲೆ ಕೇಸ್ ಐತೋ ಅವರ ಅಣ್ಣತಮ್ಮಂದೋ, ಬೀಗರದೋ. ಅಟ್ರಾಸಿಟಿ ಕೇಸಿನ ಸಾಕ್ಷಿ ಆ ಗಾಡಿ ಹತ್ತಿ ಹಾವೇರಿ ಕೋರ್ಟಿಗೆ ಹೋಗೋದು ಹ್ಯಾಂಗ? ಒಬ್ಬ ಡ್ರೈವರ್ ಹಿಂದಿನ ರಾತ್ರಿ ಹ್ಞೂಂ ಅಂದು, ಮುಂಜಾನೆ ಫೋನ್ ಬಂದ್ ಮಾಡಿದ್ದ. ಬಾಬಾಸಾಹೇಬರು 1901ರಾಗ ಹುಡುಗರಿದ್ದಾಗ ಗೋರೆಗಾಂವಿಗೆ ಹೋಗಾಕ ಎತ್ತಿನ ಗಾಡಿಯವ ಒಪ್ಪಲಿಲ್ಲ. ಎರಡು ಪಟ್ಟು ಬಾಡಿಗಿ ಕೊಟ್ಟು, ಗಾಡಿನೂ ತಾವೇ ಹೊಡಕೊಂಡು ಹೋದ್ರು. 1929ರಾಗ, ಬ್ಯಾರಿಸ್ಟರ್ ಆದಮ್ಯಾಲೂ, ಚಾಳೀಸಗಾಂವದಾಗ ಟಾಂಗಾದವರು ಅವರನ್ನ ಕರ್ಕೊಂಡು ಹೋಗಾಕ ಒಲ್ಲೆ ಅಂದ್ರು. ಟಾಂಗಾ ಹೊಡೆಯೋ ರೂಢಿ ಇಲ್ಲದ ನಮ್ಮವನೊಬ್ಬ ಹೊಡೆದು, ಬಾಬಾಸಾಹೇಬರು ಬಿದ್ದು ಕಾಲು ಮುರ್ಕೊಂಡ್ರು. ಹಿಂಗಾಗಿ ಕಾರು ತಗೊಳ್ಳೋ ಹುಡುಗರಿಗೆ ನಾನು ಮೊದಲು ಹೇಳೋದು, ಡ್ರೈವಿಂಗ್ ಚಲೋ ಕಲೀರಿ, ಲೈಸೆನ್ಸ್ ಮಾಡಸ್ರಿ.

ಕ್ಲಚ್ ಸುಟ್ಟಾಗ ರಾಣೇಬೆನ್ನೂರಿನ ಮೇಸ್ತ್ರಿ ನಕ್ಕ. "ಸರ್ರ, ಇದರಾಗ ದಿನಾ ಐದು ಮಂದಿ ಹೇರ್ತೀರಿ, ಅದೇನು ಮಾಡ್ಬೇಕ್ರಿ?" ಅವನೇ ಹಿಂದಿನ ಗ್ಲಾಸಿನ ಮ್ಯಾಲಿನ ನೀಲಿ ಸ್ಟಿಕ್ಕರ್ ತೋರಿಸಿ, ಅದನ್ನ ಕೆರೆದು ಮಾರಿದ್ರ ಹತ್ತು ಸಾವಿರ ಜಾಸ್ತಿ ಬರ್ತಾವ ಅಂದ. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಮಾರ್ಕೆಟ್ ಹಂಗೈತಿ. ನನ್ನ ಪುಸ್ತಕದಾಗ ಆ ಹತ್ತು ಸಾವಿರನೂ ಖರ್ಚಿನ ಕಡೆ ಬರ್ದೀನಿ.

ಜಮಾ ಕಡೆ ಬರೆಯೋದು ಒಂದು ಐತಿ, ಬಾಳ ಮಂದಿ ಕೇಳೋದೇ ಇಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಾಗ 11ನೇ ನಿಯಮ ಓದ್ರಿ. ನೊಂದವರಿಗೆ, ಅವಲಂಬಿತರಿಗೆ, ಸಾಕ್ಷಿಗಳಿಗೆ ತನಿಖೆಗೂ ವಿಚಾರಣೆಗೂ ಬಂದುಹೋಗೋ ಪ್ರಯಾಣ ಭತ್ಯೆ, ದಿನಭತ್ಯೆ ಕೊಡಬೇಕು. ಅದೂ ತಕ್ಷಣ, ಇಲ್ಲಾ ಮೂರು ದಿನದೊಳಗ. ಒಂದು ಕಚೇರಿಯಾಗ ಅರ್ಜಿ ಕೊಟ್ಟಾಗ ಅಲ್ಲಿನ ಸಾಹೇಬರು "ಅಂಥಾ ನಿಯಮ ಇಲ್ಲ" ಅಂದ್ರು. ಪ್ರಿಂಟ್ ತೆಗೆದು ಟೇಬಲ್ ಮ್ಯಾಲೆ ಇಟ್ಟೆ. ನಾಲ್ಕು ತಿಂಗಳಾದ ಮ್ಯಾಲೆ ಇಬ್ಬರಿಗೆ ಬಸ್ ಚಾರ್ಜ್ ಬಂತು. ಬಿಳಿ ಬೋರ್ಡ್ ಕಾರಿನವರು ಬಾಡಿಗಿ ತಗೊಳ್ಳೋ ಹಂಗಿಲ್ಲ, ತಗೊಳ್ಳಲೂಬ್ಯಾಡ್ರಿ. ಆ ದುಡ್ಡು ಕೂಲಿ ಬಿಟ್ಟು ಬಂದ ಸಾಕ್ಷಿದಾರರದು, ಅವರ ಕೈಗೇ ಸೇರಲಿ.

ಬರೋ ಶುಕ್ರವಾರ ಹಾವೇರಿಯಾಗ ತಾರೀಕು ಐತಿ. ಮುಂಜಾನೆ ಎಂಟಕ್ಕ ಬ್ಯಾಡಗಿ ಬಿಡ್ತೀನಿ, ಮೋಟೆಬೆನ್ನೂರು ಮ್ಯಾಲೆ ಹೋಗೋದು. ಮೂರು ಮಂದಿ ಸಾಕ್ಷಿದಾರರು ಇದಾರ, ಒಂದು ಸೀಟು ಖಾಲಿ. ಅರ್ಜಿ ಬರೆಯಾಕ ಬರೋರು ಯಾರಾದ್ರೂ ಇದ್ರ ಇನ್‌ಬಾಕ್ಸಿಗೆ ಬರ್ರಿ.