ಕೀಲೆಣ್ಣೆಯಿಂದ ಗ್ರೀಸಿನವರೆಗೆ

ದೀಪಾವಳಿ ಮುಗಿಯಿತೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಸ್ತೆಗಳು ಕಬ್ಬಿನ ವಶವಾಗುತ್ತವೆ. ಹುಣಶ್ಯಾಳದ ಕಡೆಗೋ ಸಂಕೇಶ್ವರದ ಕಡೆಗೋ ಹಗಲಿರುಳೆನ್ನದೆ ಟ್ರ್ಯಾಕ್ಟರುಗಳು ಸಾಗುತ್ತವೆ. ಒಂದೊಂದರ ಹಿಂದೆ ಎರಡೆರಡು ಟ್ರಾಲಿಗಳು. ಅವುಗಳಲ್ಲಿ ಹತ್ತಾರು ಟನ್ ಕಬ್ಬು. ಎಂಜಿನ್ನಿನ ಶಕ್ತಿಯ ಬಗ್ಗೆ, ಟಯರಿನ ಬೆಲೆಯ ಬಗ್ಗೆ ತುಕ್ಕಾನಟ್ಟಿಯ ಕಟ್ಟೆಯ ಮೇಲೆ ಬೇಕಾದಷ್ಟು ಮಾತು ನಡೆಯುತ್ತದೆ. ಆದರೆ ಅಷ್ಟೂ ಭಾರವನ್ನು ಹೊತ್ತು ತಿರುಗುವ, ಗಾಲಿಯ ಗುಂಬದೊಳಗೆ ಅಡಗಿ ಕುಳಿತ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಬೇರಿಂಗಿನ ಬಗ್ಗೆ ಮಾತನಾಡುವವರು ವಿರಳ. ಇಂದಿನ ನನ್ನ ಬರಹ ಅದನ್ನು ಕುರಿತದ್ದು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರು. ನನ್ನ ಬಾಲ್ಯದಲ್ಲಿ ಮನೆಯ ಚಕ್ಕಡಿಯ ಅಡಿಯಲ್ಲಿ ಕೀಲೆಣ್ಣೆಯ ಬಿದಿರಿನ ಗೊಟ್ಟ ಸದಾ ತೂಗುತ್ತಿತ್ತು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಕಪ್ಪು ಮುದ್ದೆ ಅದು. ದೂರದ ಜಾತ್ರೆಗೆ ಹೊರಡುವ ಮುನ್ನ ತಂದೆಯವರು ಕಡಾಣಿ ಕಿತ್ತು, ಗಾಲಿಯನ್ನು ಹೊರಗೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಸವರಿಯೇ ಎತ್ತು ಹೂಡುತ್ತಿದ್ದರು. ಅಚ್ಚು ಒಣಗಿದರೆ ಗಾಲಿ ಕಿರುಗುಟ್ಟುತ್ತಿತ್ತು, ಎತ್ತು ಏದುಸಿರು ಬಿಡುತ್ತಿತ್ತು. ದಣಿದ ಎತ್ತೇ ಒಡೆಯನಿಗೆ ಎಚ್ಚರಿಕೆ ಕೊಡುತ್ತಿತ್ತು. ಟ್ರ್ಯಾಕ್ಟರಿಗೆ ಅಂಥ ನಾಲಿಗೆಯಿಲ್ಲ. ಗಾಲಿ ಸುಟ್ಟುಹೋಗುವವರೆಗೂ ಅದು ಎಳೆಯುತ್ತಲೇ ಇರುತ್ತದೆ.

ಪ್ರೌಢಶಾಲೆಯಲ್ಲಿ ಘರ್ಷಣೆಯ ಪಾಠ ಬಂದಾಗಲೆಲ್ಲ ನಾನು ಮೇಜಿನ ಮೇಲೆ ದಪ್ಪ ಪುಸ್ತಕವನ್ನಿಟ್ಟು ತಳ್ಳಿಸುತ್ತಿದ್ದೆ. ಬಳಿಕ ಅದರ ಕೆಳಗೆ ನಾಲ್ಕು ಪೆನ್ಸಿಲ್ಲುಗಳನ್ನಿಟ್ಟು ತಳ್ಳಿಸುತ್ತಿದ್ದೆ. ಜಾರುವುದಕ್ಕಿಂತ ಉರುಳುವುದು ಸುಲಭ ಎಂಬುದು ಮಕ್ಕಳಿಗೆ ಕೈಯಿಂದಲೇ ತಿಳಿಯುತ್ತಿತ್ತು. ಬೇರಿಂಗಿನ ತತ್ತ್ವ ಇಷ್ಟೇ. ಅಮೆರಿಕದಲ್ಲಿ ಸಾರೋಟು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಓರೆ ಉರುಳೆಗಳ ಬೇರಿಂಗಿಗೆ ಪೇಟೆಂಟು ಪಡೆದರು. ಗಾಡಿ ನೇರವಾಗಿ ಓಡುವಾಗ ಭಾರ ಮೇಲಿನಿಂದ ಒತ್ತುತ್ತದೆ. ತಿರುವಿನಲ್ಲಿ ಪಕ್ಕದಿಂದಲೂ ನೂಕುತ್ತದೆ. ಉರುಳೆಗಳನ್ನು ಓರೆಯಾಗಿ ಜೋಡಿಸಿದರೆ ಎರಡೂ ಒತ್ತಡಗಳನ್ನು ಅವು ತಾಳಿಕೊಳ್ಳುತ್ತವೆ. ನಮ್ಮ ಟ್ರಾಲಿಗಳ ಪ್ರತಿ ಗಾಲಿಯಲ್ಲಿಯೂ ಇಂಥ ಎರಡು ಬೇರಿಂಗುಗಳಿವೆ: ಒಳಗೆ ದೊಡ್ಡದು, ಹೊರಗೆ ಚಿಕ್ಕದು. ಒಳಗಿನದರ ಹಿಂದೆ ರಬ್ಬರಿನ ಆಯಿಲ್ ಸೀಲ್, ಹೊರಗಿನದರ ಮುಂದೆ ಮುಚ್ಚಳ.

ಇವುಗಳ ಮೊದಲ ಶತ್ರು ನೀರು. ದೂರದಿಂದ ಬಂದ ಗಾಲಿಯ ಗುಂಬ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದೇ ಗಳಿಗೆಯಲ್ಲಿ ಟ್ರಾಲಿಯನ್ನು ತೊಳೆಯಲೆಂದು ಹಳ್ಳಕ್ಕೆ ಇಳಿಸಿದರೆ ಗಾಳಿ ಥಟ್ಟನೆ ಕುಗ್ಗುತ್ತದೆ, ಸವೆದ ಸೀಲಿನ ಸಂದಿನಿಂದ ನೀರನ್ನು ಒಳಗೆ ಹೀರುತ್ತದೆ. ಪರದೇಶಗಳಲ್ಲಿ ಕಾರಿನ ಹಿಂದೆ ದೋಣಿಯ ಟ್ರೇಲರ್ ಕಟ್ಟಿಕೊಂಡು ಸರೋವರಕ್ಕೆ ಹೋಗುವವರನ್ನು ಕಾಡುವುದೂ ಇದೇ ತೊಂದರೆ. ದೋಣಿ ಇಳಿಸುವಾಗ ಗಾಲಿ ನೀರಿನಲ್ಲಿ ಮುಳುಗುತ್ತದೆ, ಮರಳುವ ದಾರಿಯಲ್ಲಿ ಬೇರಿಂಗ್ ಸುಡುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ನದಿದಂಡೆಯ ಊರುಗಳಲ್ಲಿ ಟ್ರಾಲಿಗಳು ನೀರಲ್ಲಿ ನಿಂತಿದ್ದವು. ನೆರೆ ಇಳಿದ ಮೇಲೆ ಮೇಲಿನ ಕೆಸರು ತೊಳೆದವರು ಬಹಳ. ಗುಂಬ ಬಿಚ್ಚಿ ನೋಡಿದವರು ಕೆಲವರು.

ಇದು ಬರಿಯ ಖರ್ಚಿನ ಮಾತಲ್ಲ. ಕೆಲವು ವರ್ಷಗಳ ಹಿಂದೆ ಹೆದ್ದಾರಿಯ ತಿರುವೊಂದರಲ್ಲಿ ಕಬ್ಬಿನ ಟ್ರಾಲಿಯ ಬೇರಿಂಗ್ ಸುಟ್ಟು, ಗಾಲಿ ವಾಲಿ ನಿಂತಿತು. ರಾತ್ರಿಯ ವೇಳೆ. ಹಿಂದೆ ದೀಪವಿರಲಿಲ್ಲ. ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಮರಳುತ್ತಿದ್ದ ತರುಣನೊಬ್ಬ ಅದಕ್ಕೆ ಅಪ್ಪಳಿಸಿ ತೀರಿಕೊಂಡ. ಅವನು ನನ್ನ ವಿದ್ಯಾರ್ಥಿ. ಟ್ರ್ಯಾಕ್ಟರಿನ ಚಾಲಕನೂ ನನ್ನ ವಿದ್ಯಾರ್ಥಿಯೇ. ತಿಂಗಳ ನಂತರ ಅವನು ನಮ್ಮ ಪಡಸಾಲೆಗೆ ಬಂದು ತಲೆ ತಗ್ಗಿಸಿ ಕುಳಿತ. “ಸರ, ವಾರದಿಂದ ಆ ಗಾಲಿ ಸಪ್ಪಳ ಮಾಡಾಕತ್ತಿತ್ರಿ. ಬಿಚ್ಚಿದ್ರ ಪಾಳಿ ತಪ್ಪತೈತಿ, ಕಡಿದ ಕಬ್ಬು ಒಣಗತೈತಿ ಅಂತ ಹಂಗs ಹೊಡದೆ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕಡಿದ ಕಬ್ಬು ಗಂಟೆಗಂಟೆಗೂ ತೂಕ ಕಳೆದುಕೊಳ್ಳುತ್ತದೆ, ಅದರ ಸಕ್ಕರೆಯೂ ಇಳಿಯುತ್ತದೆ. ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟಾಗಿರುತ್ತದೆ. ಹಂಗಾಮಿನ ನಡುವೆ ಟ್ರಾಲಿ ನಿಲ್ಲಿಸುವ ಧೈರ್ಯ ಬಡವನಿಗೆ ಬರುವುದಿಲ್ಲ. ನಾನು ಅವನಿಗೆ ಉಪದೇಶ ಮಾಡಲಿಲ್ಲ. ಅಂದಿನಿಂದ ಒಂದೇ ಮಾತನ್ನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ: ಈ ಕೆಲಸ ಹಂಗಾಮಿಗೆ ಮೊದಲೇ ಆಗಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು?

ಅನುಭವಸ್ಥ ಮಿಸ್ತ್ರಿಯೊಬ್ಬರ ಬಳಿ ಕುಳಿತು ನಾನು ಕಂಡ ಕ್ರಮ ಹೀಗಿದೆ. ಖಾಲಿ ಟ್ರಾಲಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಅಚ್ಚಿನ ಕೆಳಗೆ ಗಟ್ಟಿ ಆಸರೆ ಇಡಬೇಕು. ಟಯರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಸಡಿಲು ಗೊತ್ತಾಗುತ್ತದೆ. ತಿರುಗಿಸಿದರೆ ಗರಗರ ಸಪ್ಪಳ ಕೇಳುತ್ತದೆ. ಬೇರಿಂಗನ್ನು ಹೊರತೆಗೆದು ಡೀಸೆಲ್ಲಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಹಳೆಯ ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದು ತಿಳಿಯಬೇಕು. ಉರುಳೆಯಲ್ಲಿಯೋ ಬಟ್ಟಲಿನಲ್ಲಿಯೋ ಕುಳಿ ಬಿದ್ದಿದ್ದರೆ, ಕಾದು ನೀಲಿಗಟ್ಟಿದ್ದರೆ ಬಟ್ಟಲಿನ ಸಮೇತ ಹೊಸದು ಹಾಕಬೇಕು. ಚೆನ್ನಾಗಿದ್ದರೆ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯನ್ನು ಒತ್ತೊತ್ತಿ, ಅದು ಇನ್ನೊಂದು ಬದಿಯಿಂದ ಹೊರಬರುವವರೆಗೆ ತುಂಬಬೇಕು. ಮೇಲೆ ಸವರಿದರೆ ಸಾಲದು. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬಾರದು. ಕೆಲವು ಒಂದಕ್ಕೊಂದು ಹೊಂದದೆ ನೀರಾಗಿ ಹರಿದುಹೋಗುತ್ತವೆ. ಗುಂಬವನ್ನು ಕಿಕ್ಕಿರಿದು ತುಂಬುವುದೂ ಸಲ್ಲದು, ಅದರಿಂದ ಬಿಸಿ ಹೆಚ್ಚುತ್ತದೆ. ಸೀಲ್ ಹೊಸದಾಗಿರಲಿ. ಗಾಲಿ ತಿರುಗಿಸುತ್ತ ನಟ್ ಬಿಗಿದು, ಬೇರಿಂಗ್ ಕುಳಿತ ಮೇಲೆ ತುಸು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಅತಿ ಬಿಗಿದರೆ ಸುಡುತ್ತದೆ, ಅತಿ ಸಡಿಲಾದರೆ ಕುಣಿಯುತ್ತದೆ. ಸಂಸಾರಕ್ಕೂ ಇದೇ ನ್ಯಾಯವೆಂದು ಆ ಮಿಸ್ತ್ರಿ ನಗುತ್ತಿದ್ದರು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಪ್ರತಿ ಗುಂಬದ ಬಳಿಗೆ ಅಂಗೈ ಒಯ್ದು ನೋಡಿರಿ. ಉಳಿದವುಗಳಿಗಿಂತ ಒಂದು ಹೆಚ್ಚು ಬಿಸಿಯಾಗಿದ್ದರೆ ಅದು ನಿಮ್ಮನ್ನು ಕರೆಯುತ್ತಿದೆ. ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿರಿ. ಕೆಟ್ಟು ನಿಂತಾಗ ಸುತ್ತಲೂ ಕಲ್ಲಿಡುವ ರೂಢಿ ನಮ್ಮಲ್ಲಿದೆ. ಹೊರಡುವಾಗ ಆ ಕಲ್ಲುಗಳನ್ನು ನಡುರಸ್ತೆಯಲ್ಲಿಯೇ ಬಿಟ್ಟುಹೋಗುವ ರೂಢಿಯೂ ಇದೆ. ಆ ಕಲ್ಲು ಇನ್ನೊಬ್ಬರ ಮನೆಯ ದೀಪ ಆರಿಸಬಹುದು.

ಖಂಡೇನವಮಿಯಂದು ನಾವು ಟ್ರ್ಯಾಕ್ಟರ್ ತೊಳೆದು, ಕುಂಕುಮವಿಟ್ಟು, ಗಾಲಿಯಡಿ ಲಿಂಬೆಹಣ್ಣು ಇಡುತ್ತೇವೆ. ಕಬ್ಬಿನ ಹಂಗಾಮು ಆರಂಭವಾಗುವುದು ಅದರ ಬೆನ್ನಿಗೇ. ಪೂಜೆಯ ಹಿಂದಿನ ದಿನ ಗಾಲಿಗಳನ್ನು ಬಿಚ್ಚಿ, ಹೊಸ ಗ್ರೀಸ್ ತುಂಬಿ, ಆಮೇಲೆ ಕುಂಕುಮವಿಡುವ ಪದ್ಧತಿಯನ್ನು ಪ್ರತಿ ಮನೆಯೂ ಇಟ್ಟುಕೊಳ್ಳಲಿ. ಒಂದು ದಿನದ ಕೆಲಸ, ಸ್ವಲ್ಪ ಖರ್ಚು. ಆ ಚಾಲಕ ಈಗ ಹಾಗೆಯೇ ಮಾಡುತ್ತಾನೆ. ಅಷ್ಟೇ ಅಲ್ಲ, ಓಣಿಯ ಬೇರೆ ಟ್ರಾಲಿಗಳ ಗಾಲಿಗಳನ್ನೂ ತಾನೇ ನಿಂತು ಬಿಚ್ಚಿಸುತ್ತಾನೆ.