ಖಾನಾಪುರದ ತಿಗರಿಯ ಮುಂದೆ

ಬೆಳಗಾವಿಯ ಪೇಟೆಯಲ್ಲಿ ನಡೆಯುವವನ ಕಿವಿಗೆ ಎರಡು ನುಡಿಗಳು ಒಟ್ಟಿಗೇ ಬೀಳುತ್ತವೆ. ಖಡೇಬಜಾರಿನ ಬಟ್ಟೆಯಂಗಡಿಯಲ್ಲಿ ತಾಯಿಯೊಬ್ಬಳು ಹಟಹಿಡಿದ ಮಗಳಿಗೆ, “ಹಾಸಿಗಿ ಇದ್ದಷ್ಟು ಕಾಲು ಚಾಚಬೇಕವ್ವ” ಎಂದಳು. ಗಲ್ಲೆಯ ಮೇಲಿದ್ದ ವರ್ತಕ ನಕ್ಕು, “ಅಂಥರೂಣ ಪಾಹೂನ ಪಾಯ ಪಸರಾವೇ” ಎಂದು ಮರಾಠಿಯಲ್ಲಿ ದನಿಗೂಡಿಸಿದ. ಹಾಸಿಗೆಯೂ ಒಂದೇ, ಕಾಲೂ ಒಂದೇ! ಕುಣಿಯಲಾರದವಳು ಕನ್ನಡದಲ್ಲಿ ನೆಲ ಡೊಂಕೆನ್ನುತ್ತಾಳೆ. ಮರಾಠಿಯಲ್ಲಿ ಅಂಗಳ ಡೊಂಕೆನ್ನುತ್ತಾಳೆ. ಭಾಷೆಗಾಗಿ ದಶಕಗಳ ಕಾಲ ಕಾದಾಡಿದ ಊರಿನಲ್ಲಿ ಗಾದೆಗಳು ಮಾತ್ರ ಗಡಿ ಕೇಳದೆ ಓಡಾಡುತ್ತಿವೆ.

ಅಲ್ಲಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ದಾರಿ ಸಾಗಿದಂತೆ ಮಣ್ಣು ಕೆಂಪಾಗುತ್ತದೆ, ಮರಗಳು ದಟ್ಟವಾಗುತ್ತವೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರ ಮಗ್ಗುಲಲ್ಲೇ ಹರಿಯುತ್ತಾಳೆ. ಇಲ್ಲಿಯ ಮಣ್ಣು ಹೆಂಚಿಗೂ ಗಡಿಗೆಗೂ ಹೆಸರಾದದ್ದು.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದವನು ನಾನು. ತಿಗರಿಯನ್ನು ಮಾತ್ರ ಹತ್ತಿರದಿಂದ ಕಂಡಿರಲಿಲ್ಲ. ವೃದ್ಧ ಕುಂಬಾರರೊಬ್ಬರು ತಮ್ಮ ಕೆಲಸವನ್ನು ಸಾವಧಾನವಾಗಿ ತೋರಿಸಿದರು. ಮಣ್ಣು ನೆನೆಹಾಕಬೇಕು, ಹರಳು ಆಯಬೇಕು, ತುಳಿದು ಹದಗೊಳಿಸಬೇಕು. ತಿಗರಿಯಿಂದ ಇಳಿಸಿದ್ದನ್ನು ತಟ್ಟಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಆವಿಗೆಗೆ ಇಡಬೇಕು. ಅವರನ್ನು ಮೆಚ್ಚಿಸಲೆಂದು ನಾನು ಆ ಗಾದೆಯನ್ನೇ ಹೇಳಿ, ಉತ್ಸಾಹದಿಂದ ಇತ್ತ ತಿರುಗಿದೆ. ಹೆಗಲ ಚೀಲ ತಗುಲಿ ಹಸಿ ಗಡಿಗೆಯೊಂದು ಕೆಳಗುರುಳಿ ಚೂರಾಯಿತು.

“ದೊಣ್ಣೀನೂ ಬ್ಯಾಡ್ರಿ ಸರ, ಚೀಲ ಸಾಕು” ಎಂದು ಅವರು ನಕ್ಕರು. ನಾಚಿಕೆಯಿಂದ ಹಣ ನೀಡಹೋದೆ. “ಬ್ಯಾಡ್ರಿ. ಹಸೀದು ಒಡದ್ರ ಮತ್ತ ಮಣ್ಣ ಆಗತೈತಿ. ಸುಟ್ಟದ್ದು ಒಡದ್ರ ಬರೇ ಬೋಕಿ” ಎನ್ನುತ್ತ ಚೂರುಗಳನ್ನು ನೆನೆಹಾಕಿದ ಮಣ್ಣಿಗೇ ಸೇರಿಸಿದರು.

ನಮ್ಮ ಅಲಂಕಾರಶಾಸ್ತ್ರ ಉಪಮಾನ, ಉಪಮೇಯಗಳೆಂದು ಎರಡನ್ನು ಹೇಳುತ್ತದೆ. ಗಾದೆ ಉಪಮಾನವನ್ನಷ್ಟೇ ನುಡಿದು ಸುಮ್ಮನಾಗುತ್ತದೆ; ಉಪಮೇಯವನ್ನು ಕೇಳುವವನ ಬಾಳು ಒದಗಿಸಬೇಕು. ಅಂಗಡಿಯಲ್ಲಿ ಅದು ಹಟಹಿಡಿದ ಹುಡುಗಿ, ಇಲ್ಲಿ, ನಾನೇ. ಇಷ್ಟು ವರ್ಷ ಬೋಧಿಸಿದ ಗಾದೆಯ ಅರ್ಥ ಅಂದು ನನ್ನ ಹೆಗಲಿಗೇ ತೂಗುಬಿದ್ದಿತ್ತು.

ಸಂಜೆ ಬೆಳಗಾವಿಗೆ ಮರಳಿದಾಗ ಪೇಟೆಯಲ್ಲಿ ದೀಪ ಹತ್ತಿತ್ತು. ಎರಡು ನುಡಿಗಳೂ ಬೆರೆತು ಕೇಳಿಸುತ್ತಿದ್ದವು. ನೆರೆಹೊರೆಯೆಂಬುದೂ ವರುಷಗಳಲ್ಲಿ ಆದ ಗಡಿಗೆಯೇ ಅಲ್ಲವೆ? ಚೀಲವನ್ನು ಎದೆಗವಚಿಕೊಂಡು ಜನಸಂದಣಿಯಲ್ಲಿ ಮೆಲ್ಲನೆ ನಡೆದೆ.